ಮನಸ್ಸಿನ ಭಯವನ್ನು ಗೋಡೆಗೆ ಹೇಳಬೇಕಾ?

ಪರ

2011ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕ್ಯಾಂಡಿ ಚಾಂಗ್ ಎಂಬ ಕಲಾವಿದೆ ಒಂದು ಪಾಳುಮನೆಯ ಗೋಡೆಗೆ ಕರಿಹಲಗೆಯ ಬಣ್ಣ ಬಳಿದರು. 'ಸಾಯುವ ಮುಂಚೆ ನಾನು...' ಅಂತ ಸಾಲುಸಾಲಾಗಿ ಬರೆದು, ಮುಂದೆ ಖಾಲಿ ಗೆರೆ ಬಿಟ್ಟರು. ಪಕ್ಕದಲ್ಲಿ ಸೀಮೆಸುಣ್ಣ ಇಟ್ಟರು. ಅಷ್ಟೇ. ಮಾರನೇ ದಿನ ನೋಡಿದರೆ ಗೋಡೆ ಭರ್ತಿ! ತುಂಬಾ ಹಚ್ಚಿಕೊಂಡಿದ್ದವರೊಬ್ಬರು ತೀರಿಹೋದ ದುಃಖದಲ್ಲಿ ಚಾಂಗ್‌ಗೆ ಹೊಳೆದದ್ದು ಇದು. ಆಮೇಲೆ ಇಂಥ ಗೋಡೆಗಳು 70ಕ್ಕೂ ಹೆಚ್ಚು ದೇಶಗಳಲ್ಲಿ ಎದ್ದವು.

ಬೀದಿಯ ಗೋಡೆಗಳಲ್ಲಿ ನಾವು ದಿನಾ ಓದುವುದಾದರೂ ಏನು? ಜಾಹೀರಾತು, 'ಮನೆ ಬಾಡಿಗೆಗಿದೆ', 'ಇಲ್ಲಿ ಮೂತ್ರ ಮಾಡಬಾರದು'. ಪಕ್ಕದ ಮನೆಯವರಿಗೆ ರಾತ್ರಿ ಯಾಕೆ ನಿದ್ದೆ ಬರಲಿಲ್ಲ ಅಂತ ಯಾವ ಗೋಡೆಯೂ ಹೇಳುವುದಿಲ್ಲ.

2018ರಲ್ಲಿ ಚಾಂಗ್ ಮತ್ತು ಲೇಖಕ ಜೇಮ್ಸ್ ರೀವ್ಸ್ ನ್ಯೂಯಾರ್ಕ್‌ನ ರೂಬಿನ್ ಮ್ಯೂಸಿಯಂನಲ್ಲಿ ಇದನ್ನೇ ಬೇರೆ ಥರ ಮಾಡಿದರು. 'ನನಗೆ ಆತಂಕ, ಯಾಕೆಂದರೆ...', 'ನನಗೆ ಭರವಸೆ, ಯಾಕೆಂದರೆ...' ಎಂಬ ಎರಡು ಬಗೆಯ ಚೀಟಿ. ಬಂದವರು ಬರೆದು ಗೋಡೆಗೆ ತೂಗುಹಾಕಬೇಕು. 50 ಸಾವಿರಕ್ಕೂ ಹೆಚ್ಚು ಚೀಟಿ ಸೇರಿದವು. ಹೆಸರು ಹಾಕಬೇಕಾಗಿರಲಿಲ್ಲ. ನನಗೆ ಹಿಡಿಸಿದ್ದು ಇದೇ. ಹೆಸರಿಲ್ಲದ ಕಡೆ ಜಂಬ ಕೊಚ್ಚಿ ಏನು ಬಂತು? ಜನ ನಿಜ ಬರೀತಾರೆ. ಯಾರದೋ ಚೀಟಿ ಓದುತ್ತಾ 'ಅರೆ, ಇದು ನನ್ನದೇ ಅಲ್ವಾ' ಅನಿಸಿದರೆ ಎದೆಯ ಭಾರ ಒಂದಿಷ್ಟು ಇಳಿಯುತ್ತದೆ.

ವಿರೋಧ

ಅರ್ಧ ವಾಕ್ಯ ಕೊಟ್ಟು ಉಳಿದದ್ದು ಬರೆಯಿರಿ ಅನ್ನುವುದು ನಮ್ಮ ಶಾಲೆಯ 'ಬಿಟ್ಟ ಸ್ಥಳ ತುಂಬಿರಿ'. ಮಗಳನ್ನು ದೂರದೂರಿಗೆ ಓದಲು ಕಳಿಸಿದ ತಾಯಿಗೆ ಆತಂಕವೂ ಇದೆ, ಭರವಸೆಯೂ ಇದೆ. ಅವಳು ಯಾವ ಚೀಟಿ ಎತ್ತಿಕೊಳ್ಳಬೇಕು? ಸಂಕಟ ಜನರದ್ದು, ಹೆಸರು ಮಾತ್ರ ಕಲಾವಿದರಿಗೆ.

ಹಾಸನಾಂಬೆಯ ಹುಂಡಿ ಎಣಿಸುವಾಗ ಭಕ್ತರ ಪತ್ರಗಳು ಸಿಗುತ್ತವೆ. ಪರೀಕ್ಷೆ ಪಾಸು ಮಾಡಿಸು, ಇಷ್ಟಪಟ್ಟವರ ಜೊತೆ ಮದುವೆ ಮಾಡಿಸು ಅಂತೆಲ್ಲ. ಅವು ಪೇಪರಿನಲ್ಲಿ ಬಂದಾಗ ನಾವು ಓದಿ ನಗುತ್ತೇವೆ. (ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.) ಆದರೂ ಬರೆದವರಿಗೆ ಕೇಳುವವಳೊಬ್ಬಳು ಇದ್ದಾಳೆ ಎಂಬ ನಂಬಿಕೆಯಾದರೂ ಇತ್ತು. ಮ್ಯೂಸಿಯಂನ ಗೋಡೆಗೆ ಹೇಳಿದ್ದು ಯಾರಿಗೆ ಕೇಳಿಸುತ್ತದೆ? ಜನ ಮೊಬೈಲ್ ತೆಗೆದು ಫೋಟೊ ಹೊಡೆದು ಮುಂದೆ ಹೋಗುತ್ತಾರೆ.

ನ್ಯೂ ಆರ್ಲಿಯನ್ಸ್ ವಿಷಯಕ್ಕೇ ಬನ್ನಿ. 2005ರ ಕತ್ರೀನಾ ಚಂಡಮಾರುತ ಬಂದು ಆರು ವರ್ಷವಾದರೂ ಆ ಊರಿನಲ್ಲಿ ಸಾವಿರಾರು ಮನೆ ಪಾಳು ಬಿದ್ದಿದ್ದವು. ಅಲ್ಲಿ ಜಾಸ್ತಿ ಬೇಕಿದ್ದದ್ದು ಗಾರೆಯವರು, ಬಡಗಿಗಳು, ಸಾಲ ಕೊಡುವ ಬ್ಯಾಂಕು. ಪಾಳುಗೋಡೆ ಚೆಂದ ಕಂಡಿತು ಅಂತ ಮನೆ ಎದ್ದು ನಿಲ್ಲುವುದಿಲ್ಲವಲ್ಲ. ಬಾಡಿಗೆ ಕಟ್ಟಲಾಗದ ಭಯವನ್ನು ಒಬ್ಬ ಚೀಟಿಯಲ್ಲಿ ಬರೆದು ತೂಗುಹಾಕಿದ ಅಂತಿಟ್ಟುಕೊಳ್ಳಿ. ಸಂಜೆ ಅವನು ಅದೇ ಮನೆಗೆ ಹೋಗಬೇಕು, ಅದೇ ಮಾಲೀಕರಿಗೆ ಮುಖ ತೋರಿಸಬೇಕು.