ಅರ್ಧ ಮನೆಯ ಜಗಳ

ನಿನ್ನೆ ರಾತ್ರಿ ಇಡೀ ಊರಿನ ಎದುರು, ಮೈಕಿನಲ್ಲಿ, ಗಿಟಾರನ್ನು ಶ್ರುತಿ ಮಾಡಿಕೊಳ್ಳುವಂತೆ ನನಗೆ ಬುದ್ಧಿ ಹೇಳಲಾಯಿತು. ಹೇಳಿದವರು ನಮ್ಮ ಕೀಬೋರ್ಡ್ ಮಾಸ್ಟರ್. ಈಗ ಟೆಂಪೊ ಟ್ರಾವೆಲರ್ ರಾಣೇಬೆನ್ನೂರಿನ ಕಡೆಗೆ ಓಡುತ್ತಿದೆ. ಮಾಸ್ಟರ್ ನನ್ನ ಹೆಗಲಿಗೇ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದಾರೆ. ಅದೂ ಒಂದು ಶ್ರುತಿಯಲ್ಲಿ ನಿಲ್ಲುತ್ತಿಲ್ಲ.

ನವೆಂಬರ್ ಬಂತೆಂದರೆ ನಮ್ಮಂಥ ರಸಮಂಜರಿ ತಂಡದವರ ಪಾಲಿನ ಅಕ್ಕಿಯನ್ನು ಮನೆಯಲ್ಲಿ ಅಳೆಯುವುದೇ ಇಲ್ಲ. ರಾಜ್ಯೋತ್ಸವ ಒಂದನೆಯ ತಾರೀಖಿನದಾದರೂ ಊರೂರುಗಳಲ್ಲಿ ಅದು ತಿಂಗಳಿಡೀ ನಡೆದು, ಡಿಸೆಂಬರಿಗೂ ಒಂದು ಕಾಲು ಚಾಚುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ‘ಸಂಜೆ 6ಕ್ಕೆ ಸರಿಯಾಗಿ’ ಎಂದಿರುತ್ತದೆ. ಆರಕ್ಕೆ ಸರಿಯಾಗಿ ಬಂದಿರುವವರು ನಾವು ಮತ್ತು ಕಡಲೆಕಾಯಿ ಮಾರುವವನು. ಆಮೇಲೆ ಕುರ್ಚಿಗಳು ಬರುತ್ತವೆ, ಗಣ್ಯರು ಬರುತ್ತಾರೆ, ಶಾಲು ಹಾರ ಹಣ್ಣಿನ ಬುಟ್ಟಿಗಳ ಸನ್ಮಾನ ಶುರುವಾಗುತ್ತದೆ. ‘ಎರಡೇ ಮಾತು’ ಎಂದು ಎದ್ದವರು ಕೂರುವ ಹೊತ್ತಿಗೆ ಒಂಬತ್ತು. ಹತ್ತರ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ಮೂರು ಗಂಟೆಯ ಕಾರ್ಯಕ್ರಮವನ್ನು ಒಂದು ಗಂಟೆಯಲ್ಲಿ ಮುಗಿಸಿ, ತಣ್ಣಗಾದ ಚಿತ್ರಾನ್ನ ತಿಂದು, ಸಾಮಾನು ತುಂಬಿ, ಕೂತಲ್ಲೇ ನಿದ್ದೆ ಮಾಡಿ ಮುಂದಿನ ಊರು ಸೇರುವುದು ನಮ್ಮ ದಿನಚರಿ. ಗಾಡಿಯಲ್ಲಿ ಗಿಟಾರಿಗೆ ಜಾಗವಿಲ್ಲ. ಅದು ನನ್ನ ತೊಡೆಯ ಮೇಲೆ, ನಾನು ಚಕ್ರದ ಮೇಲಿನ ಸೀಟಿನಲ್ಲಿ.

ಇವೆಲ್ಲ ಅಭ್ಯಾಸವಾಗಿವೆ. ಅಭ್ಯಾಸವಾಗದೆ ಉಳಿದಿರುವುದು ಮಾಸ್ಟರರ ಹೆಬ್ಬೆರಳು.

ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿದರೆ, ಬೆರಳು ಇದ್ದಲ್ಲೇ ಇದ್ದು ಶ್ರುತಿ ಮಾತ್ರ ಮೇಲೆ ಕೆಳಗೆ ಸರಿಯುತ್ತದೆ. ಇಪ್ಪತ್ತೈದು ವರ್ಷಗಳ ಅನುಭವದಲ್ಲಿ ಮಾಸ್ಟರ್ ಬಿಳಿ ಮನೆಗಳನ್ನು ಬಿಟ್ಟು ಕಪ್ಪು ಮನೆಯ ಹೊಸ್ತಿಲು ತುಳಿದದ್ದು ಕಡಿಮೆ. ಯಾವ ಹಾಡೇ ಬರಲಿ, ಅವರ ಬೆರಳು ಸಿ ಮೇಜರ್ ಇಲ್ಲವೇ ಎ ಮೈನರಿನಲ್ಲಿ ಹಾಯಾಗಿರುತ್ತದೆ. ಉಳಿದದ್ದನ್ನು ಗುಂಡಿ ನೋಡಿಕೊಳ್ಳುತ್ತದೆ. ಹೀಗಾಗಿ ತಾವು ಯಾವ ಸ್ಕೇಲಿನಲ್ಲಿದ್ದೇವೆ ಎಂಬುದು ಸ್ವತಃ ಅವರಿಗೂ ಗೊತ್ತಿರುವುದಿಲ್ಲ. ಗಾಯಕಿ ಬಂದು, “ಮಾಸ್ಟರ್, ಯಾಕೋ ಇವತ್ತು ಗಂಟಲು ಹಿಡಿದಿದೆ” ಎಂದರೆ ಸಾಕು, “ಅದಕ್ಕೇನಂತೆ ತಂಗಿ, ಅರ್ಧ ಮನೆ ಇಳಿಸಿದರಾಯಿತು” ಎಂದು ಹೆಬ್ಬೆರಳು ಗುಂಡಿಯ ಮೇಲೆ ಹೋಗುತ್ತದೆ. ಅರ್ಧ ಮನೆ ಎಂದರೆ ಪಕ್ಕದ ಸ್ವರಸ್ಥಾನಕ್ಕೆ ಒಂದೇ ಹೆಜ್ಜೆ. ನನಗೆ ಹೇಳುವ ಪದ್ಧತಿಯಿಲ್ಲ. ಚನ್ನಗಿರಿಯಲ್ಲೊಮ್ಮೆ ಕೊನೆಯ ಚರಣಕ್ಕೆ ಹುರುಪು ಬರಲೆಂದು ಹಾಡಿನ ನಡುವೆಯೇ ಏರಿಸಿದ್ದರು. ನಾನು ಅವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ತನ್ಮಯರಾಗಿದ್ದರು.

ಗಿಟಾರಿಗೆ ಅಂಥ ಗುಂಡಿಯಿಲ್ಲ. ಕೇಪೊ ಎಂಬ, ಬಟ್ಟೆ ಒಣಗಿಸುವ ಕ್ಲಿಪ್ಪಿನ ದಾಯಾದಿಯೊಂದಿದೆ. ಅದಕ್ಕೆ ಶ್ರುತಿಯನ್ನು ಏರಿಸುವುದಷ್ಟೇ ಗೊತ್ತು, ಇಳಿಸುವುದು ಗೊತ್ತಿಲ್ಲ. ಇ ಮೈನರ್ ಎಂದರೆ ಎರಡು ಬೆರಳಿಟ್ಟು ಉಳಿದ ತಂತಿಗಳನ್ನು ಬಿಟ್ಟುಬಿಡುವ ಸುಖ. ಅದನ್ನೇ ಅರ್ಧ ಮನೆ ಇಳಿಸಿದರೆ ಇ ಫ್ಲ್ಯಾಟ್ ಮೈನರ್. ಆಗ ತೋರುಬೆರಳನ್ನು ಗಿಟಾರಿನ ಕತ್ತಿನ ಆರನೆಯ ಮನೆಯಲ್ಲಿ ಅಡ್ಡಲಾಗಿ ಒತ್ತಿ, ಉಳಿದ ಬೆರಳುಗಳನ್ನು ಅದರ ಮುಂದೆ ಮುರುಟಿಸಿಕೊಂಡು ಹಾಡು ಮುಗಿಯುವವರೆಗೆ ಹಲ್ಲು ಕಚ್ಚಿರಬೇಕು. ಅವರ ಅರ್ಧ ಮನೆಗೆ ನಾನು ಮನೆಮಠ ಬಿಟ್ಟು ಹೊರಡಬೇಕು.

ನಿನ್ನೆ ಆದದ್ದೂ ಅದೇ. ಗಾಯಕಿಗೆ ನೆಗಡಿ, ಮೂಲ ಇ ಮೈನರಿನ ಹಾಡು, ಅರ್ಧ ಮನೆ ಕೆಳಗೆ. ಪಲ್ಲವಿ ಮುಗಿದು ಚರಣಕ್ಕೆ ಹೋಗುವಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಶಿಳ್ಳೆ, ಕೂಗು, ಯಾರದೋ ಮಗುವಿನ ಅಳು. ಬೆರಳು ಎತ್ತಿದರೆ ಆ ಜಾಗ ಮತ್ತೆ ಸಿಗುವುದೋ ಇಲ್ಲವೋ ಎಂದು ನಾನು ಆರನೆಯ ಮನೆಯನ್ನು ಹಾಗೆಯೇ ಹಿಡಿದು ಕೂತಿದ್ದೆ. ನಾನು ನಿರಪರಾಧಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಜನರೇಟರ್ ಕೆಮ್ಮಿ, ಉಗುಳಿ, ಕೊನೆಗೆ ಹೊತ್ತಿಕೊಂಡಿತು. ಹತ್ತಕ್ಕೆ ಇನ್ನು ಹನ್ನೆರಡು ನಿಮಿಷ. ಪೊಲೀಸರು ಗಡಿಯಾರ ನೋಡುತ್ತಿದ್ದರು. “ನಿಂತಲ್ಲಿಂದಲೇ ಎತ್ತಿಕೊಳ್ಳಿ” ಎಂದರು ನಿರೂಪಕರು.

ಎತ್ತಿಕೊಂಡೆವು. ಆದರೆ ಆ ಕೀಬೋರ್ಡು ಒಮ್ಮೆ ಆರಿ ಹೊತ್ತಿಕೊಂಡರೆ ಟ್ರಾನ್ಸ್‌ಪೋಸ್ ಸೊನ್ನೆಗೆ ಬಂದು ಕೂರುತ್ತದೆ. ಮಾಸ್ಟರರ ಬೆರಳು ಎಂದಿನಂತೆ ಎ ಮೈನರಿನಲ್ಲಿತ್ತು. ಈಗ ಧ್ವನಿಯೂ ಎ ಮೈನರಿನದೇ. ನಾನು ಇ ಫ್ಲ್ಯಾಟಿನಲ್ಲಿ. ಎರಡರ ನಡುವೆ ಆರು ಅರ್ಧ ಮನೆಗಳು. ಷಡ್ಜದಲ್ಲಿ ಒಬ್ಬ, ಪ್ರತಿಮಧ್ಯಮದಲ್ಲಿ ಇನ್ನೊಬ್ಬ. ಹನ್ನೆರಡು ಸ್ವರಸ್ಥಾನಗಳಲ್ಲಿ ಇಬ್ಬರು ಇದಕ್ಕಿಂತ ದೂರ ಹೋಗಲು ಸಾಧ್ಯವೇ ಇಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ಆ ಕಡೆಯಿಂದ ಹತ್ತಿರವಾಗತೊಡಗುತ್ತಾರೆ. ಪಾಪ, ಗಾಯಕಿ ಒಂದು ಸಾಲನ್ನು ನನ್ನ ಮನೆಯಲ್ಲಿ, ಇನ್ನೊಂದನ್ನು ಮಾಸ್ಟರರ ಮನೆಯಲ್ಲಿ ಹಾಡುತ್ತ, ತವರಿಗೂ ಗಂಡನ ಮನೆಗೂ ಓಡಾಡಿ ಮೂಗು ಒರೆಸಿಕೊಂಡರು. ರಿದಂ ಪ್ಯಾಡಿನ ಹುಡುಗನಿಗೆ ಶ್ರುತಿಯ ಹಂಗಿಲ್ಲ, ಬಾರಿಸುತ್ತಲೇ ಇದ್ದ. ಜನರೂ ಕುಣಿಯುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡಿದ್ದ ಹಿರಿಯರೊಬ್ಬರು ಮಾತ್ರ ಮಫ್ಲರನ್ನು ಕಿವಿಯ ಮೇಲಕ್ಕೆ ಎಳೆದುಕೊಂಡರು.

ಆಗ ಮಾಸ್ಟರ್ ಕಣ್ಣು ತೆರೆದು, ತಮ್ಮ ಮೈಕಿನಲ್ಲಿ, ಶಾಂತವಾಗಿ ಹೇಳಿದರು: “ತಮ್ಮಾ, ಗಿಟಾರ್ ಸ್ವಲ್ಪ ಶ್ರುತಿ ಮಾಡಿಕೊಳ್ಳಿ.”

ಊರಿಗೆ ಊರೇ ನನ್ನ ಕಡೆ ತಿರುಗಿತು. ಗಿಟಾರಿಗೆ ಬಿರಡೆಗಳಿವೆ, ಕೀಬೋರ್ಡಿಗಿಲ್ಲ. ಬಿರಡೆ ಇರುವವನ ಕಿವಿಯನ್ನೇ ಎಲ್ಲರೂ ಹಿಂಡುವುದು. ಸರಿಯಾಗಿದ್ದ ಬಿರಡೆಯೊಂದನ್ನು ನಾನೂ ಸುಮ್ಮನೆ ತಿರುಗಿಸುವಂತೆ ನಟಿಸಿದೆ. ಅಷ್ಟರಲ್ಲಿ ಅವರ ಹೆಬ್ಬೆರಳು ಸದ್ದಿಲ್ಲದೆ ಗುಂಡಿಯ ಮೇಲೆ ಹೋಗಿ ಬಂತು, ಹಾಡು ಸರಿಹೋಯಿತು. “ನೋಡಿ, ಈಗ ಬಂತು” ಎಂದರು ಮಾಸ್ಟರ್. ಚಪ್ಪಾಳೆ ಬಿತ್ತು.

ಇವತ್ತು ಬೆಳಿಗ್ಗೆ ತಿಂಡಿಗೆ ನಿಂತಾಗ ಇದನ್ನು ಕೇಳಿಯೇಬಿಡಬೇಕೆಂದು ಎದುರೇ ಕೂತಿದ್ದೆ. ಇಡ್ಲಿ ಬರುವ ಮೊದಲೇ ಅವರ ಮೊಬೈಲಿಗೆ ಕರೆ ಬಂತು. ಮುಂದಿನ ವಾರದ ಊರಿನವರು. ಖರ್ಚು ಹೆಚ್ಚಾಯಿತಂತೆ, ಟ್ರ್ಯಾಕ್ ಹಾಕಿ ಹಾಡುವ ಇಬ್ಬರು, ಜೊತೆಗೆ ಒಂದು ಕೀಬೋರ್ಡ್ ಸಾಕಂತೆ. ಮೊದಲು ನಮ್ಮ ಗಾಡಿಯಲ್ಲಿ ಸೀಟು ಸಾಲದೆ ತಬಲದವರು ಡ್ರೈವರ್ ಪಕ್ಕ ಕಾಲು ಮಡಚಿ ಕೂರುತ್ತಿದ್ದರು. ಕೊಳಲು, ಪಿಟೀಲು, ಸ್ಯಾಕ್ಸೊಫೋನ್ ಒಂದೊಂದಾಗಿ ಇಳಿದುಹೋಗಿ ಮಾಸ್ಟರರ ಪೆಟ್ಟಿಗೆಯೊಳಗೆ ಸೇರಿಕೊಂಡವು. ಆ ಪೆಟ್ಟಿಗೆಯಲ್ಲಿ ನಾನೂ ಇದ್ದೇನೆ. ಕೀಬೋರ್ಡಿನ ವಾದ್ಯಧ್ವನಿಗಳಿಗೆ ನಂಬರು ಕೊಡುವ ಜನರಲ್ ಮಿಡಿ ಪಟ್ಟಿಯಲ್ಲಿ 25ರಿಂದ 32ರವರೆಗೆ ಎಂಟು ಬಗೆಯ ಗಿಟಾರುಗಳಿವೆ. 25 ನೈಲಾನ್ ತಂತಿಯದು, 26 ಉಕ್ಕಿನ ತಂತಿಯದು. ಅವಕ್ಕೆ ಚಿತ್ರಾನ್ನವೂ ಬೇಡ, ಸೀಟೂ ಬೇಡ. ಇಷ್ಟು ವರ್ಷಗಳಲ್ಲಿ ಮಾಸ್ಟರ್ ಆ ನಂಬರು ಒತ್ತಿದ್ದನ್ನು ನಾನು ಕಂಡಿಲ್ಲ.

“ಇಲ್ಲ ಸ್ವಾಮಿ, ಗಿಟಾರ್ ಇಲ್ಲದೆ ನಾವು ಬರುವುದಿಲ್ಲ” ಎನ್ನುತ್ತಿದ್ದರು ಮಾಸ್ಟರ್. ನನಗೆ ಇಡ್ಲಿ ಗಂಟಲಲ್ಲಿ ನಿಂತಿತು. ಅವರು ನನ್ನತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಮುಂದುವರಿಸಿದರು: “ಶ್ರುತಿ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ, ನಿಜ. ಹುಡುಗ ಒಳ್ಳೆಯವನು.”

ಬಿಲ್ಲನ್ನು ಅವರ ಕಡೆಗೆ ಸರಿಸಿ ಕೈತೊಳೆಯಲು ಎದ್ದೆ.