ಆಕ್ಸಲ್ ಬದಲಾಯಿಸಿದಿರಿ ಸರಿ, ಕ್ಯಾಸ್ಟರ್ ಅಳೆದಿರಾ?

ಮೊನ್ನೆ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ಹಳೇ ನ್ಯಾರೋ ಟ್ರ್ಯಾಕ್, ಅಂದರೆ ಎಡಬಲ ಚಕ್ರಗಳ ನಡುವಿನ ಅಗಲ ಕಡಿಮೆ ಇರುವ ಮಾರುತಿ ಜಿಪ್ಸಿ ತಗೊಂಡಿದ್ದಾನಂತೆ. ಅದಕ್ಕೆ ಅಗಲದ ಆಕ್ಸಲ್ ಕವಚ (ವೈಡ್ ಟ್ರ್ಯಾಕ್ ಹೌಸಿಂಗ್) ಹಾಕಿಸಿ, ಆಕ್ಸಲ್ ಕೆಳಗಿದ್ದ ಸ್ಪ್ರಿಂಗ್ ಪಟ್ಟಿಯನ್ನು ಅದರ ಮೇಲೆ ಕೂರಿಸಿ, 31 ಇಂಚಿನ ಟೈರ್ ಬೇರೆ ಹಾಕಿಸಿದ್ದಾನಂತೆ. "ಅಣ್ಣಾ, ಐವತ್ತು ದಾಟಿದ್ರೆ ಸ್ಟೀರಿಂಗ್ ಕುಣಿಯುತ್ತೆ. ಅದುರು ಹೀರೋಕೆ ಯಾವ ಡ್ಯಾಂಪರ್ ಒಳ್ಳೇದು?" ಅಂದ. ನಾನು ಜೋರಾಗಿ ನಕ್ಕುಬಿಟ್ಟೆ. ಪಾಪ, ಬೇಜಾರಾಯಿತು ಅನಿಸುತ್ತೆ. ಆದರೆ ನಕ್ಕಿದ್ದು ಅವನಿಗಲ್ಲ. ಆರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಇಷ್ಟೇ ಅಮಾಯಕನಾಗಿ ಕೇಳಿದವನು ನಾನೇ.

ನನ್ನದು 1991ರ ಗಾಡಿ. ಆಗಿನ ಜಿಪ್ಸಿಯ ಚಕ್ರಗಳು ಒಳಗೆ ಸೇರಿಕೊಂಡಿರುತ್ತವೆ, ನೋಡೋಕೆ ಸಣ್ಣ ಕಾಲಿನ ಮೇಲೆ ದೊಡ್ಡ ಹೊಟ್ಟೆ ಇಟ್ಟ ಹಾಗೆ. 1993ರಲ್ಲಿ ಮಾರುತಿಯವರು ಟ್ರ್ಯಾಕನ್ನು 90 ಮಿಲಿಮೀಟರ್ ಅಗಲ ಮಾಡಿದರು. ಮುಂದೆ 1210 ಇದ್ದದ್ದು 1300 ಆಯಿತು, ಹಿಂದೆ 1220 ಇದ್ದದ್ದು 1310. ಅಗಲವಾದರೆ ಗಾಡಿ ನೆಲ ಹಿಡಿಯುತ್ತೆ ಅಂತ ನಾನೂ ಹಳೇ ಗಾಡಿಯೊಂದರ ವೈಡ್ ಟ್ರ್ಯಾಕ್ ಹೌಸಿಂಗ್ ಜೋಡಿ ಹುಡುಕಿ ತಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. "ಹೆಂಗೂ ಬಿಚ್ಚಿದೀವಲ್ಲ ಸಾರ್, ಪಟ್ಟಿ ಮೇಲಕ್ಕೆ ಹಾಕಿಬಿಡೋಣ, ಐದಿಂಚು ಎತ್ತರ ಪುಕ್ಕಟೆ" ಅಂದರು ಕೆಲಸ ಮಾಡಿಕೊಟ್ಟವರು. ಪುಕ್ಕಟೆ ಅಂದರೆ ಯಾರಿಗೆ ಬೇಡ?

ಈಗ ಆ ಪುಕ್ಕಟೆಯ ಲೆಕ್ಕ ನೋಡಿ. ಗಾಡಿ ಮಗುಚುತ್ತಾ ಇಲ್ವಾ ಅಂತ ಅಂದಾಜು ಹಾಕೋಕೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯವರು ಬಳಸುವ ಒಂದು ಸರಳ ಸೂತ್ರ ಇದೆ. ಎರಡು ಚಕ್ರದ ನಡುವಿನ ಅಗಲದ ಅರ್ಧವನ್ನು, ಗಾಡಿಯ ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಬೇಕು. ಉತ್ತರ ದೊಡ್ಡದಿದ್ದಷ್ಟೂ ಒಳ್ಳೇದು. ಲೆಕ್ಕಕ್ಕೆ ಅಂತ ಭಾರದ ಕೇಂದ್ರ 650 ಮಿಲಿಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಹಳೇ ಆಕ್ಸಲ್‌ಗೆ 605 ಭಾಗಿಸು 650, ಅಂದರೆ 0.93. ಬರೀ ವೈಡ್ ಟ್ರ್ಯಾಕ್ ಹಾಕಿದರೆ 650 ಭಾಗಿಸು 650, ಸರಿಯಾಗಿ 1. ಪರವಾಗಿಲ್ಲ, ಅಲ್ವಾ? ಈಗ ಬಾಡಿಯನ್ನು ಐದಿಂಚು ಎತ್ತಿ, ಭಾರದ ಕೇಂದ್ರ ಒಂದು 100 ಮಿಲಿಮೀಟರ್ ಮೇಲೆ ಹೋಯಿತು ಅನ್ನಿ. 650 ಭಾಗಿಸು 750, ಅಂದರೆ 0.87. ದುಡ್ಡು ಕೊಟ್ಟು ಆಕ್ಸಲ್ ಅಗಲ ಮಾಡಿಸಿ, ಕೊನೆಗೆ ಹಳೇ ಗಾಡಿಗಿಂತ ಬೇಗ ಮಗುಚುವ ಗಾಡಿ ಮಾಡಿಕೊಂಡ ಹಾಗಾಯಿತು. ದೊಡ್ಡ ಟೈರಿನ ಎತ್ತರ ಇನ್ನೂ ಸೇರಿಸಿಲ್ಲ.

ಆದರೆ ನನ್ನನ್ನು ಹೆದರಿಸಿದ್ದು ಮಗುಚುವ ಭಯ ಅಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮೂಡಿಗೆರೆ ಕಡೆ ಹೊರಟಿದ್ದೆವು, ಪಕ್ಕದಲ್ಲಿ ತಮ್ಮ. ಅರವತ್ತರ ಹತ್ತಿರ ಹತ್ತಿರ ಇದ್ದೆ. ಒಂದು ಸಣ್ಣ ಮೋರಿ, ಅದರ ಅಂಚಿನಲ್ಲಿ ಡಾಂಬರು ಕಿತ್ತು ಒಂದು ಗೀರು. ಎಡಚಕ್ರ ಅದಕ್ಕೆ ತಾಗಿದ್ದೇ ತಡ, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ರಪರಪ ಹೊಡೆಯೋಕೆ ಶುರು. ಕೈಯಲ್ಲಿ ಹಿಡಿದರೆ ನಿಲ್ಲುತ್ತಿಲ್ಲ, ಹೆಬ್ಬೆರಳು ಒಳಗೆ ಸಿಕ್ಕಿದ್ದರೆ ಮುರಿದೇ ಹೋಗುತ್ತಿತ್ತು. ಡ್ಯಾಶ್‌ಬೋರ್ಡ್ ಮೇಲಿದ್ದ ಮೊಬೈಲು, ಎಲೆ ಅಡಿಕೆ ಪೊಟ್ಟಣ ಎಲ್ಲಾ ತಮ್ಮನ ಕಾಲ ಬುಡಕ್ಕೆ. ಪೂರ್ತಿ ನಿಧಾನ ಮಾಡೋವರೆಗೂ ಬಿಡಲಿಲ್ಲ. ನಿಂತ ಮೇಲೆ ತಮ್ಮ ಹೇಳಿದ್ದು ಒಂದೇ ಮಾತು, "ಇನ್ನು ಮೇಲೆ ನಾನು ಬಸ್ಸಲ್ಲಿ ಬರ್ತೀನಿ."

ಇದಕ್ಕೆ ಇಂಗ್ಲಿಷಿನವರು ಡೆತ್ ವಾಬಲ್ ಅಂತಾರೆ. ಹೆಸರು ಸ್ವಲ್ಪ ಜಾಸ್ತಿ ಆಯ್ತು ಅಂತ ಅಂದುಕೊಂಡಿದ್ದೆ ನಾನು, ಅವತ್ತಿನವರೆಗೆ.

ನಾನು ಮಾಡಿದ್ದೇನು? ಎಲ್ಲರೂ ಮಾಡುವುದೇ. ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದೆ. ವಾಬ್ಲಿಂಗ್ ನಿಂತಿತು. ಆರು ತಿಂಗಳು ಎಲ್ಲರಿಗೂ "ಡ್ಯಾಂಪರ್ ಹಾಕ್ಸಿ, ಸರಿ ಹೋಗುತ್ತೆ" ಅಂತ ಪುಕ್ಕಟೆ ಸಲಹೆ ಬೇರೆ ಕೊಟ್ಟೆ. ಆಮೇಲೆ ಡ್ಯಾಂಪರಿನ ಎಣ್ಣೆ ಸೋರಿತು, ಕುಣಿತ ವಾಪಸ್ ಬಂತು, ಮೊದಲಿಗಿಂತ ಜೋರಾಗಿ. ಯಾಕೆಂದರೆ ಆ ಆರು ತಿಂಗಳೂ ಒಳಗಿನ ಬೇರಿಂಗು, ಬುಶ್ಶು, ಬಾಲ್ ಜಾಯಿಂಟು ಎಲ್ಲಾ ಸುಮ್ನೆ ಏಟು ತಿನ್ನುತ್ತಲೇ ಇದ್ದವು, ನನಗೆ ಗೊತ್ತಾಗುತ್ತಿರಲಿಲ್ಲ ಅಷ್ಟೆ. ಹಲ್ಲುನೋವಿಗೆ ಮಾತ್ರೆ ನುಂಗಿಕೊಂಡು ಹಲ್ಲು ಪೂರ್ತಿ ಕೊಳೆಯೋಕೆ ಬಿಟ್ಟ ಕಥೆ.

ಚಿಕ್ಕಮಗಳೂರಿನಲ್ಲಿ ಒಬ್ಬರು ಹಳೇ ಮೇಸ್ತ್ರಿ ಇದ್ದಾರೆ, ಜೀಪು ಜಿಪ್ಸಿ ಬಿಟ್ಟು ಬೇರೆ ಗಾಡಿ ಮುಟ್ಟಲ್ಲ. ಅವರು ಡ್ಯಾಂಪರ್ ನೋಡಲೇ ಇಲ್ಲ. ಚಕ್ರದ ಹಿಂದೆ, ಚಕ್ರ ಎಡಬಲ ತಿರುಗುವ ಕೀಲಾದ ಕಿಂಗ್ ಪಿನ್ನಿನ ಮೇಲಿನ ಕ್ಯಾಪ್ ಇರುತ್ತಲ್ಲ, ಅದನ್ನು ಬಟ್ಟೆಯಲ್ಲಿ ಒರೆಸಿ, ಆ ಚಪ್ಪಟೆ ಜಾಗದ ಮೇಲೆ ಮ್ಯಾಗ್ನೆಟ್ ಇರುವ ಕೋನ ಅಳೆಯುವ ಮೀಟರ್ ಇಟ್ಟರು. ಕ್ಯಾಸ್ಟರ್ ಕೋನ ಅರ್ಧ ಡಿಗ್ರಿ. "ಮೂರೂವರೆ ಆಸುಪಾಸು ಇರ್ಬೇಕು ಸಾರ್. ಇದನ್ನ ಇಟ್ಕೊಂಡು ಘಾಟಿ ಇಳಿದ್ರಾ?" ಅಂದರು. ಬೈದಿದ್ದರೇ ವಾಸಿ ಇತ್ತು.

ಕ್ಯಾಸ್ಟರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ಇರಲ್ಲ, ಮೇಲ್ಭಾಗ ಸವಾರನ ಕಡೆ ವಾಲಿರುತ್ತೆ. ಎರಡೂ ಕೈ ಬಿಟ್ಟರೂ ಸೈಕಲ್ ನೇರ ಹೋಗೋದರಲ್ಲಿ ಆ ವಾಲಿಕೆಯ ಪಾಲೂ ಇದೆ. ಗಾಡಿಯ ಕಿಂಗ್ ಪಿನ್ನಿಗೂ ಅದೇ ತರ ಹಿಂದಕ್ಕೆ ವಾಲು ಬೇಕು, ಆಗ ಚಕ್ರ ತಾನಾಗೇ ನೇರಕ್ಕೆ ಬರುತ್ತೆ. ವಾಲು ಕಡಿಮೆ ಆದರೆ ಚಕ್ರಕ್ಕೆ ತನ್ನ ದಾರಿ ಯಾವುದು ಅಂತಲೇ ಗೊತ್ತಿರಲ್ಲ.

ನನ್ನ ಗಾಡಿಯಲ್ಲಿ ಅದು ಹೇಗೆ ಹೋಯಿತು ಅಂದರೆ, ಗಾಡಿ ಎತ್ತರವಾದ ಮೇಲೆ, ಮುಂದಿನ ಆಕ್ಸಲ್‌ಗೆ ಇಂಜಿನ್ನಿನ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಜಾಸ್ತಿ ಇಳಿಜಾರಾಯಿತು. ಶಾಫ್ಟಿನ ಕೀಲು (ಕ್ರಾಸ್) ಹೊಡೆಯಬಾರದು ಅಂತ ಆಕ್ಸಲ್ ಹಾಕಿದವರು ಹೌಸಿಂಗನ್ನು ತಿರುಗಿಸಿ, ಶಾಫ್ಟ್ ಬಂದು ಸೇರುವ ಪಿನಿಯನ್ ಮೂತಿಯನ್ನು ಮೇಲಕ್ಕೆ ಎತ್ತಿ, ಅದೇ ಕೋನದಲ್ಲಿ ಪಟ್ಟಿ ಕೂರುವ ಸೀಟನ್ನು ವೆಲ್ಡ್ ಮಾಡಿಬಿಟ್ಟರು. ಶಾಫ್ಟಿಗೆ ಒಳ್ಳೇದಾಯಿತು. ಆದರೆ ಕಿಂಗ್ ಪಿನ್ನೂ ಅದೇ ಹೌಸಿಂಗಿನ ತುದಿಯಲ್ಲೇ ಇದೆ ಅಲ್ವಾ? ಪಿನಿಯನ್ ಎಷ್ಟು ಡಿಗ್ರಿ ಮೇಲೆ ಹೋಯಿತೋ ಅಷ್ಟೂ ಕ್ಯಾಸ್ಟರ್ ಹೋಯಿತು. ಇದಕ್ಕೆ ನಿಜವಾದ ಔಷಧಿ ಅಂದರೆ ಟ್ಯೂಬಿನ ತುದಿ ಕತ್ತರಿಸಿ, ಕಿಂಗ್ ಪಿನ್ ಕೂರುವ ತುದಿಯ ಭಾಗ (ನಕಲ್) ಮಾತ್ರ ಹಿಂದಕ್ಕೆ ತಿರುಗಿಸಿ ಮತ್ತೆ ವೆಲ್ಡ್ ಮಾಡೋದು. ಅದಕ್ಕೆ ಅಲ್ಲಾಡದಂತೆ ಹಿಡಿದಿಡುವ ಚೌಕಟ್ಟು (ಜಿಗ್) ಬೇಕು, ಕೈ ಬೇಕು, ವೆಲ್ಡಿಂಗ್ ಶಾಖಕ್ಕೆ ಟ್ಯೂಬ್ ಸೊಟ್ಟ ಆಗದ ಹಾಗೆ ನೋಡಿಕೊಳ್ಳೋ ತಾಳ್ಮೆ ಬೇಕು. ಪಟ್ಟಿಯ ಕೆಳಗೆ ಬೆಣೆ ತುಂಬಿ ಕ್ಯಾಸ್ಟರ್ ತರುತ್ತೀನಿ ಅನ್ನುವವರೂ ಇದ್ದಾರೆ, ತರಬಹುದು, ಆದರೆ ಪಿನಿಯನ್ ಮೂತಿ ಮತ್ತೆ ಕೆಳಗೆ ಬರುತ್ತೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಕಾಲು ಹೊರಗೆ ಬರುವ ಗಿಡ್ಡ ಕಂಬಳಿ ಇದು.

ಮೇಸ್ತ್ರಿ ಇನ್ನೊಂದು ಕೆಲಸ ಮಾಡಿದರು, ನನಗೆ ಅದು ತುಂಬಾ ಇಷ್ಟ ಆಯಿತು. ಚಕ್ರ, ಎರಡೂ ಚಕ್ರ ಜೋಡಿಸುವ ಟೈ ರಾಡ್ ಎಲ್ಲಾ ಬಿಚ್ಚಿ, ನಕಲ್ಲಿನ ತುದಿಯ ತೂತಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಮೆಲ್ಲಗೆ ಎಳೆದರು. ಮೀನು ತೂಗೋಕೆ ಇಟ್ಟುಕೊಳ್ಳುತ್ತಾರಲ್ಲ, ಅದೇ ತಕ್ಕಡಿ. ನಕಲ್ ತಿರುಗೋಕೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಎಳೆತ ಬೇಕಂತೆ. ನನ್ನದು ಮುಳ್ಳು ಅಲ್ಲಾಡುವ ಮುಂಚೆಯೇ ತಿರುಗಿಬಿಟ್ಟಿತು, ಕಿಂಗ್ ಪಿನ್ ಬೇರಿಂಗ್ ಅಷ್ಟು ಸವೆದಿತ್ತು. ಶಿಮ್ ಅನ್ನೋ ತೆಳು ತಗಡಿನ ಬಿಲ್ಲೆ ತೆಗೆದು ಹಾಕಿ ಸರಿ ಮಾಡೋ ಕೆಲಸ. ಇಷ್ಟು ಸಣ್ಣ ತಪಾಸಣೆಯನ್ನು, ಅಷ್ಟು ದುಡ್ಡು ತಗೊಂಡು ಆಕ್ಸಲ್ ಹಾಕಿದವರು ಮಾಡಿರಲಿಲ್ಲ. ನಾನೂ ಕೇಳಿರಲಿಲ್ಲ, ಆ ತಪ್ಪು ನನ್ನದೇ.

ಇನ್ನೂ ಇದೆ. ಎತ್ತರವಾದ ಮೇಲೆ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಇಳಿಯುವ ಸರಳು (ಡ್ರ್ಯಾಗ್ ಲಿಂಕ್) ಕಡಿದಾಗುತ್ತೆ. ಬ್ರೇಕ್ ಹೊಡೆದು ಮುಂಭಾಗ ತಗ್ಗಿದಾಗಲೆಲ್ಲ ಲಿಂಕ್ ಚಕ್ರವನ್ನು ತಳ್ಳುತ್ತೆ, ನೀವು ಸ್ಟೀರಿಂಗ್ ತಿರುಗಿಸದೆಯೇ ಗಾಡಿ ಒಂದು ಬದಿಗೆ ಹೋಗುತ್ತೆ. ಚಾರ್ಮಾಡಿ ತಿರುವಿನಲ್ಲಿ ಎದುರಿಂದ ಲಾರಿ ಬಂದಾಗ ಇದರ ಮಜಾ ಗೊತ್ತಾಗುತ್ತೆ. ಹಿಂದಿನ ಪಟ್ಟಿಯ ಕಥೆ ಬೇರೆ, ಲೋ ಗೇರಿನಲ್ಲಿ ತೋಟದ ಏರು ಹತ್ತಿಸಿದರೆ ಪಟ್ಟಿ ಎಸ್ ಅಕ್ಷರದ ತರ ತಿರುಚಿ, ಬಿಟ್ಟು, ಮತ್ತೆ ತಿರುಚಿ, ಧಡ್ ಧಡ್ ಅಂತ ಹಾರಿ ಒಂದು ದಿನ ಕ್ರಾಸ್ ಕಟ್. ಬ್ರೇಕ್ ಹೋಸ್ ಉದ್ದ ಸಾಲುತ್ತಾ ಅಂತಲೂ ನೋಡಿಕೊಳ್ಳಿ ಮಾರಾಯ್ರೇ, ಚಕ್ರ ಪೂರ್ತಿ ಇಳಿದಾಗ ಬಿಗಿದ ಹಗ್ಗ ಆಗಿರುತ್ತೆ.

ಕಾನೂನಿನ ವಿಷಯ ಹೇಳಿದರೆ ಬೈಸಿಕೊಳ್ಳುತ್ತೀನಿ, ಆದರೂ ಹೇಳುತ್ತೀನಿ. ಗಾಡಿ ಬದಲಾಯಿಸೋದಕ್ಕೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಹೇಳಿದೆ. ಇದನ್ನು ಬರೆಯುವಾಗ ನಾನೂ ಕಟಕಟೆಯಲ್ಲೇ ನಿಂತಿದ್ದೇನೆ. ಆದರೆ ಆರ್‌ಟಿಓ ಹಿಡಿಯೋದಕ್ಕಿಂತ, ಎದುರಿನ ಬೈಕಿನವನಿಗೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರಾ ಅನ್ನೋದು ನನ್ನ ತಲೆ ತಿನ್ನುತ್ತಿದ್ದ ವಿಷಯ.

ಕೊಡಚಾದ್ರಿಗೆ ಜನ ತುಂಬಿಕೊಂಡು ಹತ್ತುವ ಜೀಪುಗಳನ್ನು ನೋಡಿದ್ದೀರಲ್ಲ? ನಾನು ಕೂತ ಜೀಪು ಕಂಪನಿ ಕೊಟ್ಟ ಎತ್ತರದಲ್ಲೇ ಇತ್ತು. ಡ್ರೈವರ್‌ಗೆ ನನ್ನ ಗಾಡಿಯ ಫೋಟೋ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, "ಚೆನ್ನಾಗುಂಟು, ಇದನ್ನ ಎಲ್ಲಿಗೆ ಹತ್ತಿಸ್ತೀರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಪಟ್ಟಿಯನ್ನು ವಾಪಸ್ ಕೆಳಗೆ ಹಾಕಿಸಿದೆ. ವೈಡ್ ಟ್ರ್ಯಾಕ್ ಆಕ್ಸಲ್ ಮಾತ್ರ ಉಳಿಸಿಕೊಂಡೆ, ಟೈರನ್ನು ಸುಮಾರು 29 ಇಂಚು ಎತ್ತರದ 235/75 ಆರ್ 15ಕ್ಕೆ ಇಳಿಸಿದೆ. ನೋಡೋಕೆ ಮೊದಲಿನ ಗತ್ತು ಇಲ್ಲ, ಒಪ್ಪುತ್ತೀನಿ. ತಮ್ಮ ಮಾತ್ರ ಮತ್ತೆ ಪಕ್ಕದ ಸೀಟಿನಲ್ಲಿ ಕೂರುತ್ತಾನೆ.

ಹುಡುಗನಿಗೆ ಹೇಳಿದ್ದು ಇಷ್ಟೇ. ಸೋರುವ ಡ್ಯಾಂಪರ್ ಒಂದು ನನ್ನ ಶೆಡ್ಡಿನ ಮೊಳೆಗೆ ನೇತುಹಾಕಿದ್ದೀನಿ, ಬೇಕಿದ್ದರೆ ತಗೊಂಡು ಹೋಗು. ಅದಕ್ಕೂ ಮೊದಲು ಕಿಂಗ್ ಪಿನ್ ಕ್ಯಾಪಿನ ಮೇಲೆ ಮೀಟರ್ ಇಟ್ಟು ಒಂದು ಫೋಟೋ ಕಳಿಸು. ನಾಲ್ಕು ದಿನ ಆಯಿತು, ಇನ್ನೂ ಕಳಿಸಿಲ್ಲ. ಹೊಸ ಟೈರಿನ ಫೋಟೋ ಮಾತ್ರ ನಿನ್ನೆ ಸ್ಟೇಟಸ್ಸಿಗೆ ಹಾಕಿದ್ದ.