ಹಳೇ ಚಿನ್ನ ಕೊಳ್ಳುವ ಅಂಗಡಿಗೆ ಲೈಸೆನ್ಸ್ ಅಂದರೆ ಬರೀ ರಸೀದಿಯಾ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚಿನ್ನದಂಗಡಿ ತೆರೆಯಬೇಕಾದರೆ ಪಾಲಿಕೆಯಿಂದ ಉದ್ದಿಮೆ ಪರವಾನಗಿ ತಗೊಳ್ಳಬೇಕು. ಬಟ್ಟೆ ಅಂಗಡಿಗೂ ಅದೇ, ಪಾತ್ರೆ ಅಂಗಡಿಗೂ ಅದೇ. ಅರ್ಜಿ ಕೊಡು, ಶುಲ್ಕ ಕಟ್ಟು, ಅವಧಿ ಮುಗಿದಾಗ ನವೀಕರಿಸು. ಚಿನ್ನದ ವ್ಯಾಪಾರಕ್ಕೆ ಇಷ್ಟು ಸಾಲದು. ಅದರಲ್ಲೂ ಹಳೇ ಚಿನ್ನ ಕೊಳ್ಳುವವರ ಮಟ್ಟಿಗೆ ಏನೇನೂ ಸಾಲದು.

ಹೊಸ ಒಡವೆ ತಗೊಳ್ಳುವವರಿಗೆ ಈಗ ಒಂದು ಭದ್ರತೆ ಇದೆ. 2021ರ ಜೂನ್‌ನಿಂದ ಚಿನ್ನದ ಶುದ್ಧತೆ ಹೇಳುವ ಹಾಲ್‌ಮಾರ್ಕ್ ಮುದ್ರೆ ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಗೇ ಮೀಸಲಾದ ಗುರುತು ಸಂಖ್ಯೆ, ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ನಾವೇ ನೋಡಬಹುದು. ಅಡವಿಡುವವರಿಗೆ 1961ರ ಗಿರವಿದಾರರ ಕಾಯ್ದೆ ಇದೆ. ಅದಕ್ಕೆ ಬೇರೆಯೇ ಲೈಸೆನ್ಸ್, ಚೀಟಿ, ಲೆಕ್ಕದ ಪುಸ್ತಕ ಎಲ್ಲ ಉಂಟು. ಆದರೆ ಇದ್ದ ಒಡವೆಯನ್ನು ಮಾರಲು ಹೋದವರಿಗೆ?

ನಮ್ಮತ್ತೆ ಜೊತೆ ಒಮ್ಮೆ ಹೋಗಿದ್ದೆ. ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಫಸಲು ಕೈಕೊಟ್ಟ ವರ್ಷ. ಅಜ್ಜಿ ಕಾಲದ ಕೆಂಪು ಹರಳಿನ ಬೆಂಡೋಲೆ ತಂದಿದ್ದರು. ಅಂಗಡಿಯವರು ಅದನ್ನು ಒಳಗೆ ತಗೊಂಡು ಹೋದರು. ಹೊರಗೆ ಬಂದಾಗ ಹರಳು ಬೇರೆ, ಅರಗು ಬೇರೆ, ಕಪ್ಪಾದ ಚಿನ್ನ ಬೇರೆ. ತಕ್ಕಡಿಯ ಅಂಕಿ ಕಾಣುತ್ತಿದ್ದದ್ದು ಅವರ ಕಡೆಗೆ ಮಾತ್ರ. "ಹರಳಿಗೆ ಬೆಲೆ ಇಲ್ಲ ಅಮ್ಮ, ಅರಗು ಜಾಸ್ತಿ ಇತ್ತು" ಅಂದರು. ಅತ್ತೆ ಹರಳನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಬೆಲೆ ಒಪ್ಪಿಗೆಯಾಗಲಿಲ್ಲ ಅಂದರೂ ವಾಪಸ್ ತಗೊಳ್ಳೋಕೆ ಅಲ್ಲಿ ಓಲೆಯೇ ಉಳಿದಿರಲಿಲ್ಲ! ಕೈಗೆ ಬಂದ ಚೀಟಿಯಲ್ಲಿ ಒಂದು ಮೊತ್ತ ಇತ್ತು, ತೂಕ ಇರಲಿಲ್ಲ.

ಆ ಅಂಗಡಿಯವರು ಮೋಸ ಮಾಡಿದರು ಅಂತ ಹೇಳುತ್ತಿಲ್ಲ. ಮಾಡಿದರೋ ಇಲ್ಲವೋ ಗೊತ್ತಾಗುವ ದಾರಿಯೇ ನಮಗಿರಲಿಲ್ಲ. ಹರಳು ಕೂರಿಸಿದ ಒಡವೆ ಕೊಳ್ಳುವಾಗ ಹರಳಿನ ತೂಕ, ಬೆಲೆ ಬೇರೆಯಾಗಿ ಬಿಲ್‌ನಲ್ಲಿ ಬರೆಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು, ಹರಳಿನದ್ದಲ್ಲ.

ಇನ್ನೊಂದು ಕಷ್ಟ ಕಳ್ಳತನದ್ದು. ನಮ್ಮ ಕಡೆ ತೋಟದ ಮನೆಗಳು ಒಂದಕ್ಕೊಂದು ದೂರ. ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಇಬ್ಬರೇ. ಕದ್ದ ಸರ ಮೂಸೆಗೆ ಬಿದ್ದರೆ ಮುಗಿಯಿತು, ಗಟ್ಟಿಯಾದ ಮೇಲೆ ಇದು ಇಂಥವರ ಮನೆಯ ಅವಲಕ್ಕಿ ಸರ ಅಂತ ಯಾರು ಗುರುತು ಹಿಡಿಯುತ್ತಾರೆ? ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಅಪರಾಧ, ನಿಜ. ಆದರೆ 'ಗೊತ್ತಿರಲಿಲ್ಲ' ಅನ್ನೋದು ಸುಲಭ. ಮಾರಲು ಬಂದವರ ಗುರುತು ಕೇಳಲೇಬೇಕು ಅಂತ ನಿಯಮವಿದ್ದರೆ ಅಷ್ಟು ಸುಲಭ ಆಗಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಳೇ ಒಡವೆ ಕೊಳ್ಳುವ ಅಂಗಡಿಗೆ ಸ್ಥಳೀಯ ಪೊಲೀಸರ ಮೂಲಕವೇ ಲೈಸೆನ್ಸ್ ಆಗಬೇಕು. ಮಾರಲು ಬಂದವರ ಗುರುತಿನ ಚೀಟಿ, ಹೆಬ್ಬೆರಳ ಗುರುತು ಪಡೆಯಬೇಕು. ಕೊಂಡ ಮಾಲನ್ನು ಕೆಲವು ದಿನ ಇದ್ದ ಹಾಗೇ ಇಟ್ಟಿರಬೇಕು. ನಮಗೆ ಹೆಬ್ಬೆಟ್ಟು ಬೇಡ. ಉಳಿದದ್ದು ಬೇಕು. ಒಡವೆಯ ಫೋಟೋ, ಕೊಟ್ಟವರ ಗುರುತಿನ ಚೀಟಿಯ ಪ್ರತಿ, ಒಂದು ರಿಜಿಸ್ಟರ್. ಕರಗಿಸುವ ಮೊದಲು ಒಂದು ವಾರದ ಬಿಡುವು. ತಕ್ಕಡಿ ಗಿರಾಕಿ ಕಡೆಗೂ ಕಾಣಬೇಕು, ಪರೀಕ್ಷೆ ಗಿರಾಕಿ ಎದುರೇ ಆಗಬೇಕು. ಇದನ್ನೆಲ್ಲ ಲೈಸೆನ್ಸಿನ ಷರತ್ತಾಗಿ ಬರೆದರೆ ಆಯಿತು. ತೀರ್ಥಹಳ್ಳಿ, ಸಾಗರ, ಹೊಸನಗರದ ಪೇಟೆಗಳಲ್ಲೂ ಇದು ಬರಬೇಕು. ಇಲ್ಲದಿದ್ದರೆ ಕದ್ದ ಮಾಲು ಶಿವಮೊಗ್ಗ ಬಿಟ್ಟು ಪಕ್ಕದ ಊರಿಗೆ ಹೋಗುತ್ತದೆ, ಅಷ್ಟೇ.

ಸಣ್ಣ ಅಕ್ಕಸಾಲಿಗರಿಗೆ ಲೈಸೆನ್ಸ್ ಅಂದರೆ ಭಯ ಇದೆ, ಅದಕ್ಕೆ ಕಾರಣವೂ ಇದೆ. 1963ರಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ ಚಿನ್ನ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಮಾಡಬಾರದು ಅಂದರು. ದೇಶದ ಉದ್ದಗಲ ಅಕ್ಕಸಾಲಿಗರ ಒಲೆ ಆರಿತು. ಆಮೇಲೆ 1968ರ ಕಾಯ್ದೆ ಬಂತು, ಅದು ರದ್ದಾಗಿದ್ದು 1990ರಲ್ಲಿ. ಹಾಗಾಗಿ ನಾನು ಕೇಳುತ್ತಿರುವುದು ಕೆಲಸ ಮಾಡುವ ಕೈಯನ್ನು ಕಟ್ಟುವ ಲೈಸೆನ್ಸ್ ಅಲ್ಲ. ಶುಲ್ಕ ಒಂದು ರೂಪಾಯಿಯೂ ಏರಬಾರದು. ತಪಾಸಣೆ ಹೆಸರಲ್ಲಿ ಕೈ ಚಾಚುವವರಿಗೆ ಜಾಗ ಇರಬಾರದು.

ಪರಿಚಯದ ಅಂಗಡಿಯವರೊಬ್ಬರಿಗೆ ಇದನ್ನು ಹೇಳಿದೆ. "ನಾನು ಆಧಾರ್ ಕೇಳಿದರೆ ಗಿರಾಕಿ ಎದ್ದು ಪಕ್ಕದಂಗಡಿಗೆ ಹೋಗ್ತಾರೆ, ಅಲ್ಲಿ ಕೇಳಲ್ಲ" ಅಂದರು. ಅವರ ಮಾತು ಸರಿ. ಕೇಳುವ ಅಂಗಡಿಗೆ ನಷ್ಟ, ಕೇಳದ ಅಂಗಡಿಗೆ ಲಾಭ ಅನ್ನುವ ಸ್ಥಿತಿ ಈಗ ಇದೆ. ಪಕ್ಕದಂಗಡಿಯಲ್ಲೂ ಕೇಳುವ ಹಾಗೆ ಮಾಡಲು ಆಗುವುದು ಲೈಸೆನ್ಸ್ ಕೊಡುವ ಪಾಲಿಕೆಗೆ.